ಐಗುಪ್ತದ ಹಾಜರಿ ಕಲ್ಲು

ಇಟ್ಟಿಗೆ ಗೂಡಿನ ಆಫೀಸು,
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ತಂಗಿ,

ಮೊಣಕಾಲೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಏಳು ತಿಂಗಳಾಯಿತು. ತಡವಾಯಿತು, ತಪ್ಪು ನನ್ನದೇ. ನೀನು ಬರೆದದ್ದು ಎರಡೇ ಸಾಲು: "ಅಮ್ಮ ಹೋಗುವಾಗ ಆ ಮೂರು ದಿನ ನೀನ್ಯಾಕೆ ಬರಲಿಲ್ಲ, ಅದನ್ನ ಬರಿ. ಬೇರೆ ಸುದ್ದಿ ಬರೆಯೋದಾದ್ರೆ ಕಾಗದವೇ ಬೇಡ."

ಎರಡು ಸಾಲಿಗೆ ಏಳು ತಿಂಗಳು ಯಾಕೆ ಬೇಕಾಯಿತೆಂದು ಕೇಳಬೇಡ. ಉತ್ತರ ಆಗಲೇ ಹೇಳಿದ್ದೆ. ಗೂಡಿಗೆ ಬೆಂಕಿ ಹಾಕಿಯಾಗಿತ್ತು, ಮೊದಲ ಮೂರು ದಿನ ಉರಿ ಬಿಟ್ಟು ಒಡತಿ ಏಳುವಂತಿಲ್ಲ. ಅದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇಲ್ಲ. ಹಾಗಾಗಿ ಬೇರೆ ಸುದ್ದಿಯನ್ನೇ ಬರೆಯುತ್ತೇನೆ. ಸಿಟ್ಟು ಬಂದರೆ ಇಲ್ಲಿಗೇ ಹರಿದು ಹಾಕು.

ನಮ್ಮ ಶುಕ್ರವಾರದ ಬೈಬಲ್ ತರಗತಿ ಐಗುಪ್ತಕ್ಕೆ ಹೋಗಿ ಕೂತಿದೆ. ಇಸ್ರಾಯೇಲ್ಯರನ್ನು ಅಲ್ಲಿಂದ ಹೊರಡಿಸಲು ಹತ್ತು ಬಾಧೆಗಳು ಸಾಕಾದವು. ನಮ್ಮ ಮೇಷ್ಟ್ರನ್ನು ಹೊರಡಿಸಲು ಎಷ್ಟು ಬೇಕೋ ಗೊತ್ತಿಲ್ಲ. ಚರಿತ್ರೆ ಪಾಠ ಹೇಳಿ ನಿವೃತ್ತರಾದ ಮನುಷ್ಯ. "ಹಿನ್ನೆಲೆ ಗೊತ್ತಿಲ್ದೆ ವಾಕ್ಯ ಅರ್ಥ ಆಗೋದಿಲ್ಲ" ಎನ್ನುತ್ತಾ ವಾರಕ್ಕೊಂದು ಅಗೆದ ಗುಂಡಿಯ ಚಿತ್ರವನ್ನು ಗೋಡೆಗೆ ಬಿಡುತ್ತಾರೆ. ಗಟ್ಟಿ ಬೆಂಚಿನ ಮೇಲೆ ಕೂತು ನೋಡುವವರ ಸೊಂಟದ ಹಿನ್ನೆಲೆ ಅವರಿಗೆ ಬೇಕಿಲ್ಲ.

ಮೊದಲ ವಾರ ಪಿರಮಿಡ್ಡು. ಮುಂದಿನ ಸಾಲಿನ ದರ್ಜಿ ಎದ್ದುನಿಂತು, "ಇದನ್ನ ಕಟ್ಟಿದ್ದು ಇಸ್ರಾಯೇಲ್ಯರೇ ತಾನೆ?" ಎಂದ.

"ಅಲ್ಲಪ್ಪ, ಯೋಸೇಫ ಹುಟ್ಟೋಕೆ ನೂರಾರು ವರ್ಷ ಮುಂಚೆನೇ ಅದು ನಿಂತಿತ್ತು. ಅದು ಕಲ್ಲು. ಇವರು ಫರೋಹ ಅರಸನ ದಾಸರಾಗಿ ಮಾಡಿದ್ದು ಇಟ್ಟಿಗೆ."

ಇಟ್ಟಿಗೆ ಎಂದದ್ದೇ ತಡ, ಇದ್ದಬದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಆವತ್ತಿನಿಂದ ದರ್ಜಿಯ ಬಾಯಲ್ಲಿ ನಾನು ಫರೋಹಮ್ಮ. ಮೂವತ್ತು ವರ್ಷ ಮಣ್ಣು ತುಳಿದು ಗಳಿಸಿದ ಹೆಸರು ಒಂದು ಶುಕ್ರವಾರದಲ್ಲಿ ಹೋಯಿತು.

ಎರಡನೆಯ ವಾರ ಒಂದು ಮಣ್ಣಿನ ದಿಬ್ಬ. ಇಸ್ರಾಯೇಲ್ಯರು ಕಟ್ಟಿದ ಪಿತೋಮ್ ಪಟ್ಟಣ ಅಲ್ಲಿತ್ತೆಂದು ಕೆಲವರ ವಾದ, ಇಲ್ಲವೆಂದು ಮತ್ತೆ ಕೆಲವರದು. ಅಲ್ಲಿನ ಗೋಡೆಯಲ್ಲಿ ಕೆಳಗೆ ಹುಲ್ಲು ಬೆರೆಸಿದ ಇಟ್ಟಿಗೆ, ಮೇಲೆ ಹುಲ್ಲಿಲ್ಲದ ಇಟ್ಟಿಗೆ ಇದ್ದವೆಂದು ಹಿಂದೆ ಯಾರೋ ಬರೆದಿದ್ದಾರಂತೆ. ಇಟ್ಟಿಗೆಯ ದಾಸರಿಗೆ ಫರೋಹ ಹುಲ್ಲು ಕೊಡುವುದನ್ನು ನಿಲ್ಲಿಸಿದ ವಿಮೋಚನಕಾಂಡದ ಕಥೆಗೆ ಅದೇ ಸಾಕ್ಷಿ ಎಂದು ದರ್ಜಿ ಚಪ್ಪಾಳೆ ತಟ್ಟಿದ. ಮೇಷ್ಟ್ರು ಮಾತ್ರ ಪರೀಕ್ಷೆ ಮಾಡೋಣ ಎಂದು, ಎರಡೂ ಥರದ ಹಸಿ ಇಟ್ಟಿಗೆ ತರಲು ನನಗೆ ಅಪ್ಪಣೆ ಮಾಡಿದರು. ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಹತ್ತು ದಿನ ಒಣಗಿಸಿ ಹೊತ್ತುಕೊಂಡು ಹೋದೆ. ಹುಲ್ಲಿನವೂ ಗಟ್ಟಿ, ಹುಲ್ಲಿಲ್ಲದವೂ ಗಟ್ಟಿ. ಮೇಷ್ಟ್ರ ಮುಖ ಇಳಿಯಿತು.

"ಇವು ಬಿರುಕು ಬಿಡಬೇಕಿತ್ತಲ್ಲಮ್ಮ?"

"ನಮ್ಮ ಮಣ್ಣಲ್ಲಿ ಮರಳು ಜಾಸ್ತಿ, ಬಿರುಕು ಬಿಡೋದಿಲ್ಲ. ಮಣ್ಣಿಗೆ ವಿಮೋಚನಕಾಂಡ ಗೊತ್ತಿಲ್ಲ ಮೇಷ್ಟ್ರೇ."

"ನೋಡ್ರಿ, ಹುಲ್ಲು ಉಳಿಸೋ ದಾರಿ ಫರೋಹಮ್ಮನಿಗೂ ಸಿಕ್ಕಿಬಿಡ್ತು," ಎಂದ ದರ್ಜಿ. ಒಂದು ಇಟ್ಟಿಗೆ ಕೈಯಲ್ಲೇ ಇತ್ತು. ಪ್ರಾರ್ಥನಾಮಂದಿರವಲ್ಲವೇ ಎಂದು ಕೆಳಗಿಟ್ಟೆ.

ಇನ್ನು ನಿನ್ನೆಯದು. ದೇರ್ ಎಲ್-ಮದೀನಾ ಎಂಬ ಜಾಗ. ಅರಸರ ಸಮಾಧಿ ಕೊರೆಯುವ ಕೆಲಸಗಾರರು ಅಲ್ಲಿ ಮನೆಮಾರು ಮಾಡಿಕೊಂಡಿದ್ದರಂತೆ. ಅಲ್ಲಿಯದೆಂದು ಮೇಷ್ಟ್ರು ತೋರಿಸಿದ್ದು ಒಂದು ಚಪ್ಪಟೆ ಸುಣ್ಣಕಲ್ಲು. ಎರಡೂ ಮಗ್ಗುಲಿಗೆ ಬರಹ. ಮೂರು ಸಾವಿರ ವರ್ಷಕ್ಕೂ ಹಳೆಯ ಹಾಜರಿ ಪಟ್ಟಿ ಕಣೇ. ಕೆಲಸಗಾರನ ಹೆಸರು, ಬಾರದ ದಿನ ಕಪ್ಪು ಮಸಿಯಲ್ಲಿ, ಅದರ ಮೇಲೆ ಕೆಂಪಿನಲ್ಲಿ ಬಾರದ ಕಾರಣ. ಮೇಷ್ಟ್ರು ಓದುತ್ತಾ ಹೋದರು. ಒಬ್ಬನಿಗೆ ಕಣ್ಣು ನೋವು, ಒಬ್ಬನಿಗೆ ಚೇಳು ಕಚ್ಚಿತ್ತು, ಒಬ್ಬ ಬಿಯರ್ ಮಾಡುತ್ತಿದ್ದ.

"ಬಿಯರ್ ಮಾಡೋಕೆ ರಜೆನಾ? ಹಾಗಾದ್ರೆ ಮೋಶೆ ಯಾಕೆ ಅಷ್ಟು ಜಗಳ ಆಡಿದ?" ಎಂದ ದರ್ಜಿ.

"ಇವರು ಕುಶಲ ಕೆಲಸದವರಪ್ಪ. ಇಟ್ಟಿಗೆ ಹೊತ್ತ ದಾಸರ ಕಾರಣ ಯಾರು ಬರೀತಾರೆ?" ಎಂದು ಮೇಷ್ಟ್ರು ಮುಂದಿನ ಸಾಲು ಓದಿದರು. ಒಬ್ಬ ಬಂದಿರಲಿಲ್ಲ. ತಾಯಿಯ ಶವಕ್ಕೆ ಬಟ್ಟೆ ಸುತ್ತುತ್ತಿದ್ದ.

ಆಗ ದರ್ಜಿ ಹಿಂದೆ ತಿರುಗಿ, "ನಿಮ್ಮ ಗೂಡಲ್ಲಿ ಕಾರಣ ಬರೆಯೋ ಪದ್ಧತಿ ಉಂಟಾ, ಫರೋಹಮ್ಮನವ್ರೇ?" ಎಂದ.

"ನನ್ನ ತಂಗಿ ಹಾಜರಿ ನೋಡ್ಕೊಳ್ಳುವಾಗ ಬರೀತಿದ್ಲು," ಎಂದೆ.

ಬರೆಯುತ್ತಿದ್ದೆಯಲ್ಲ, ಮಗುವಿಗೆ ಜ್ವರ, ಕಾಲಿಗೆ ಮೊಳೆ, ಮನೆ ಸೋರಿತು ಎಂದೆಲ್ಲ. "ಕಾರಣ ಬರೆದ್ರೆ ಇಟ್ಟಿಗೆ ಆಗುತ್ತೇನೇ? ಹಾಜರು ಇಲ್ಲಾ ಗೈರು, ಇರೋದು ಎರಡೇ," ಎಂದು ನಾನು ರೇಗುತ್ತಿದ್ದೆ. ಆ ಮಾತನ್ನು ತರಗತಿಯಲ್ಲಿ ಹೇಳಲಿಲ್ಲ. ತಂಗಿ ಬರೆಯುತ್ತಿದ್ದಳು ಎಂದದ್ದೇ ಮೇಷ್ಟ್ರಿಗೆ ಸಾಕಾಯಿತು. ಮುಂದಿನ ಶುಕ್ರವಾರ ಆ ಹಳೆಯ ಪುಸ್ತಕ ತರಬೇಕಂತೆ, ಕಲ್ಲಿನ ಚಿತ್ರದ ಪಕ್ಕದಲ್ಲಿಟ್ಟು ತೋರಿಸಬೇಕಂತೆ. ಗೆದ್ದಲು ತಿಂದಿರಬೇಕು, ಸಿಗುವುದಿಲ್ಲ ಎಂದೆ. ಬಿಡುವ ಜನವಲ್ಲ. ಇವತ್ತು ಬೆಳಿಗ್ಗೆ ಆಗಲೇ ಒಮ್ಮೆ ಬಂದು, "ಹುಡುಕಿದ್ರಾ?" ಎಂದು ಕೇಳಿ ಹೋದರು. ಈ ತರಗತಿಯ ಸಹವಾಸವೇ ಸಾಕು ಅನಿಸಿದೆ.

ಇಷ್ಟೇ ಸುದ್ದಿ. ಮಕ್ಕಳ ತಲೆ ಸವರಿ ದೊಡ್ಡಮ್ಮ ನೆನೆಸಿದಳೆಂದು ಹೇಳು. ನಿನ್ನ ಮನೆಯ ಒಲೆ ಆರದಿರಲಿ, ದೇವರ ಕೈ ನಿಮ್ಮೆಲ್ಲರ ಮೇಲಿರಲಿ.

ನಿನ್ನ,
ಅಕ್ಕ

ತಾ.ಕ.: ಪುಸ್ತಕಕ್ಕೆ ಗೆದ್ದಲು ಹಿಡಿದಿಲ್ಲ. ಅದು ನನ್ನ ಮುಂದೆಯೇ ಇದೆ, ಅಮ್ಮ ಹೋದ ವಾರದ ಹಾಳೆ ತೆರೆದಿದೆ. ಮೂರು ದಿನ ನಿನ್ನ ಹೆಸರಿನ ಮುಂದೆ ಗೈರು ಎಂದು ನನ್ನ ಕೈಯಕ್ಷರ. ಒಡತಿಯೂ ಹಾಜರಿ ಹಾಕಬೇಕೆಂದು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆಸುತ್ತಿದ್ದೆನಲ್ಲ, ಅಲ್ಲಿ ಮೂರು ದಿನವೂ ಹಾಜರು. ಬೆಂಕಿ ಹಾಕಿದ ದಿನವನ್ನೂ ಕೆಳಗೆ ಬರೆದಿದ್ದೇನೆ. ಅದು ಅಮ್ಮನನ್ನು ಮಣ್ಣು ಮಾಡಿ ನಾನು ಗೂಡಿಗೆ ಮರಳಿದ ಮಾರನೆಯ ದಿನ. ಆಮೇಲೆ ನೀನು ಇಲ್ಲಿಗೆ ಕಾಲಿಡಲಿಲ್ಲ, ಅದಕ್ಕೇ ನಿನಗೆ ಗೊತ್ತಾಗಲಿಲ್ಲ. ಆ ಮೂರು ದಿನ ಗೂಡು ತಣ್ಣಗಿತ್ತು, ತಂಗಿ. ಅಮ್ಮ ಕೇಳುತ್ತಿದ್ದಾಳೆ ಎಂದು ನೀನು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಇದೇ ಕುರ್ಚಿಯಲ್ಲಿ ಕೂತು ಉರಿಯ ನೆಪ ಹೇಳಿದೆ. ಅವಳು ಉಸಿರಿಗೆ ಒದ್ದಾಡುವುದನ್ನು ನೋಡಲು ನನಗೆ ಹೆದರಿಕೆಯಾಗಿತ್ತು. ಮೇಷ್ಟ್ರು ಬೆಳಿಗ್ಗೆ ಬಂದಾಗ, ಹೆದರಿ ಬರಲಿಲ್ಲವೆಂದು ಆ ಕಲ್ಲಿನಲ್ಲಿ ಯಾರ ಹೆಸರಿಗಾದರೂ ಬರೆದಿದೆಯೇ ಎಂದು ಕೇಳಿದೆ. ಅವರು ಚೀಲದಿಂದ ಕಲ್ಲಿನ ಬರಹದ ಹಾಳೆ ತೆಗೆದು ಎರಡೂ ಮಗ್ಗುಲು ನೋಡಿ, "ಇಲ್ವಲ್ಲಮ್ಮ," ಎಂದರು. ಅಂಥವರು ಆವತ್ತು ಹಾಜರೆಂದೇ ಬರೆಸಿಕೊಂಡಿರುತ್ತಾರೆ.