ಕಾಂಡ್ಲಾ ಬೇರಿನ ತತ್ತಿ

ಟಿಳಕವಾಡಿ, ಬೆಳಗಾವಿ
೧೮ ಏಪ್ರಿಲ್ ೧೯೮೩, ಸೋಮವಾರ

ಚಿರಂಜೀವಿ ನಾಗಲಿಂಗನಿಗೆ,

ಖಾನಾಪುರದ ಹಂಚಿನ ಭಟ್ಟಿಯ ಒಡತಿ, ದಿವಂಗತ ಸಿದ್ದಪ್ಪನವರ ಹೆಂಡತಿ, ಮ್ಯಾಟ್ರಿಕ್‌ವರೆಗೆ ಓದಿದ ಬಸವಣ್ಣೆವ್ವ ಬರೆಯುತ್ತಿದ್ದೇನೆ. ನಾನು ನಿನ್ನ ತಾಯಿ ಎಂಬುದು ನಿನಗೆ ಗೊತ್ತಿದೆ. ಉಳಿದದ್ದನ್ನು ಮರೆತಂತೆ ಕಾಣುತ್ತದೆ, ಅದಕ್ಕೇ ಮೊದಲು ಬರೆದೆ. ನಿನ್ನ ಆರೋಗ್ಯ ಹೇಗಿದೆ? ಆ ಕಾರವಾರದ ಸೆಕೆಗೆ ಮೈತುಂಬ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆ, ಗಂಧ ತೇಯ್ದು ಹಚ್ಚು, ಕೆರೆಯಬೇಡ. ನಿನ್ನ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು. ಎಷ್ಟು ಸಿಟ್ಟಿದ್ದರೂ ಮಗನನ್ನು ಉಪವಾಸ ಕೆಡಹುವವಳು ನಾನಲ್ಲ. ನನ್ನ ಮೊಣಕಾಲು ಮೊದಲಿನ ಹಾಗೇ ಇದೆ.

ಯುಗಾದಿಯ ದಿನವೇ ನಿನ್ನ ಪತ್ರ ಬಂತು. "ಅವ್ವಾ, ಮೂರು ಲಾರಿ ಕಟ್ಟಿಗಿ ಕಳಸೀನಿ, ಲಗೂನ ಕೆಂಡ ಕೊಡು, ಮಳಿ ಬರೂದ್ರಾಗ ಭಟ್ಟಿ ಸುಡೂಣು" ಎಂದು ಬರೆದಿದ್ದೀಯಲ್ಲ, ಕೆಂಡ ಎಂದರೆ ಏನೆಂದು ತಿಳಿದೆ? ನಮ್ಮ ಭಟ್ಟಿಗೆ ಬೆಂಕಿಕಡ್ಡಿ ಗೀರುವುದಿಲ್ಲ. ಮನೆಯ ಹಿರಿಯ ಹೆಂಗಸು ಲಿಂಗಪೂಜೆ ಮುಗಿಸಿ ತನ್ನ ಒಲೆಯ ಕೆಂಡ ಕೊಟ್ಟರೆ ಮಾತ್ರ ಅದು ಹೊತ್ತುತ್ತದೆ. ನಿನ್ನ ಅಜ್ಜಿಯ ಕಾಲದಿಂದ ಬಂದದ್ದು. ಈ ಮನೆಗೆ ಗ್ಯಾಸು ಬಂದ ಮೇಲೂ ಹಿತ್ತಲಲ್ಲಿ ಒಂದು ಮಣ್ಣಿನ ಒಲೆ ಉಳಿಸಿಕೊಂಡಿದ್ದೇನೆ. ಮಿಸ್ತ್ರಿ ಲಕ್ಷ್ಮಪ್ಪ ವರ್ಷಕ್ಕೊಮ್ಮೆ ಬಂದು ಕುಡಿಕೆಯಲ್ಲಿ ಬೂದಿ ಮುಚ್ಚಿಕೊಂಡು ಮೊದಲ ಬಸ್ಸಿಗೆ ಖಾನಾಪುರಕ್ಕೆ ಕೆಂಡ ಒಯ್ಯುತ್ತಾನೆ. ಕಂಡಕ್ಟರು ಅದಕ್ಕೂ ಟಿಕೇಟು ಹರಿಯುತ್ತೇನೆ ಎಂದು ಚೇಷ್ಟೆ ಮಾಡುತ್ತಾನೆ. ಅಂದರೆ ಆ ಭಟ್ಟಿಯಲ್ಲಿ ಏನು ಸುಟ್ಟರೂ ಅದು ನನ್ನ ಕೈಯಿಂದ ಸುಟ್ಟದ್ದು. ಇದು ನಿನಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಅರಣ್ಯ ಡಿಪೋದಲ್ಲಿ ಕಟ್ಟಿಗೆ ಸಿಗದೆ ನೀನು ಕಾರವಾರದ ಆಚೆ ಹೊಳೆ ಕಡಲಿಗೆ ಸೇರುವಲ್ಲಿ ಕಾಂಡ್ಲಾ ಗಿಡ ಕಡಿಸಲು ಹಿಡಿದೆ. ಏನದು ಎಂದು ಕೇಳಿದ್ದಕ್ಕೆ "ಉಪ್ಪನೀರಿನ ಕೆಸರಾಗ ಬೆಳಿಯೂ ಕಸ ಅವ್ವಾ, ಯಾರಿಗೂ ಬ್ಯಾಡಾದ್ದು" ಎಂದೆ. ಭಟ್ಟಿ ಹೊತ್ತಿದ ದಿನ ಖಾನಾಪುರದ ಓಣಿ ತುಂಬ ಮೀನು ಹುರಿದ ವಾಸನೆ. ಭಟ್ಟಿಯ ಬಾಜು ಮನೆಯ ನಿಂಗವ್ವ ಗೋಡೆಯ ಮೇಲಿಂದ ಇಣುಕಿ "ಏನ್ರೀ ಬಸವಣ್ಣೆವ್ವಾರ, ಭಟ್ಟ್ಯಾಗ ಬಾಂಗಡಾ ಹುರಿಯಾಕ ಯಾವಾಗಿಂದ ಸುರು ಮಾಡೀರಿ?" ಎಂದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು ಮುಖ ಎಲ್ಲಿಡಬೇಕಿತ್ತು? ನೀನು ನಕ್ಕು, ಅದು ಉಪ್ಪಿನ ವಾಸನೆ ಎಂದೆ.

ಈ ವರ್ಷ ಲಾರಿ ಇಳಿಸುವಾಗ ನಾನೇ ಖುದ್ದಾಗಿ ಹೋಗಿ ನಿಂತೆ. ನೀರಿಗೆ ಇಳಿಬಿಟ್ಟ ಬೇರುಗಳ ಸಮೇತ ಕಡಿದ ಗಿಡಗಳು, ಬೇರಿಗೆ ಇನ್ನೂ ಕೆಸರು. ಒಂದು ಬೇರಿನ ಮೇಲೆ ನವಣೆ ಕಾಳನ್ನು ಸಾಲಾಗಿ ಅಂಟಿಸಿದ ಹಾಗೆ ಏನೋ ಒಣಗಿತ್ತು. ಲಕ್ಷ್ಮಪ್ಪ ಮೀನು ತಿನ್ನುವವನು, ನೋಡಿದ ಕೂಡಲೇ "ಮೀನಿನ ತತ್ತಿರೀ ಅವ್ವಾರ" ಎಂದ. ಮರುದಿನವೇ ಅವನನ್ನು ಕರೆದುಕೊಂಡು ಕಾರವಾರದ ಬಸ್ಸು ಹತ್ತಿದೆ. ನೀನು ಲಾರಿಯ ಟಾಯರು ತರಲು ಹುಬ್ಬಳ್ಳಿಗೆ ಹೋಗಿದ್ದೆ. ಯಾರೋ ಮುದುಕಿ ಬಂದಿದ್ದಳು ಎಂದು ನಿನ್ನ ಮನೆಯ ಮಾಲೀಕ ಹೇಳಿರಬೇಕು. ಆ ಮುದುಕಿ ನಾನೇ.

ನೀನು ಕಡಿಸಿದ ಬದಿಯಲ್ಲಿ ಬರೀ ಬೊಡ್ಡೆಗಳು. ನೆರಳಿಲ್ಲದೆ ನೀರು ಕಾದು ಕೈಯಿಟ್ಟರೆ ಸುಡುತ್ತಿತ್ತು, ದಂಡೆಯ ಮೇಲೆ ಉಪ್ಪು ಬೆಳ್ಳಗೆ ಕಟ್ಟಿತ್ತು, ಹಿಡಿದುಕೊಳ್ಳಲು ಬೇರಿಲ್ಲದೆ ಕೆಸರನ್ನೆಲ್ಲ ಇಳಿತದ ನೀರು ಎಳೆದೊಯ್ದಿತ್ತು. ಒಂದು ಹುಳವೂ ಅಲ್ಲಿ ಮಿಸುಕಲಿಲ್ಲ. ಕೊಡಲಿ ಇನ್ನೂ ಮುಟ್ಟದ ಬದಿಯಲ್ಲಿ ನೆರಳಿತ್ತು, ತಣ್ಣಗಿನ ನಿಧಾನ ನೀರಿತ್ತು. ಹೊಳೆಯ ಸಿಹಿಯೂ ಕಡಲಿನ ಉಪ್ಪೂ ಅಲ್ಲಿ ಕೂಡುತ್ತವೆ, ನಾಲಿಗೆಗೆ ಹಚ್ಚಿ ನೋಡಿದೆ. ನೀರೊಳಗಿನ ಒಂದು ಬೇರಿಗೆ ಅದೇ ನವಣೆ ಕಾಳು. ಅಂಗೈ ಅಗಲದ, ಕಪ್ಪು ಪಟ್ಟೆಯ ಎರಡು ಮೀನು ಆ ಬೇರು ಬಿಟ್ಟು ಸರಿಯುತ್ತಿರಲಿಲ್ಲ. ಒಂದು ರೆಕ್ಕೆಯಿಂದ ತತ್ತಿಗೆ ಗಾಳಿ ಹಾಕಿದಂತೆ ನೀರು ಬೀಸುತ್ತಿತ್ತು, ಇನ್ನೊಂದು ಹತ್ತಿರ ಬಂದ ಏಡಿಯ ಮೈಮೇಲೆ ಹೋಗುತ್ತಿತ್ತು. ನನ್ನ ನೆರಳು ಬಿದ್ದಾಗಲೂ ಅವು ಓಡಲಿಲ್ಲ, ನನ್ನನ್ನೇ ಬೆದರಿಸಿದವು. ಜನ್ಮದಲ್ಲಿ ಮೀನಿನ ಮುಖ ನೋಡದ ನಾನು ಭರತದ ನೀರು ಏರಿ ಸೀರೆ ನೆನೆಯುವವರೆಗೂ ಅಲ್ಲೇ ನಿಂತಿದ್ದೆ. ಇದನ್ನು ನೀನು ಕಸ ಎಂದೆ. ಬಾಣಂತಿಯ ಕೋಣೆಗೆ ಕೊಡಲಿ ಹಾಕಿಸಿ, ಆ ತೊಲೆಗಳನ್ನು ತಂದು ನನ್ನ ಕೈಯಲ್ಲಿ ಬೆಂಕಿ ಇಡಿಸಿದೆ!

ಖಾಲಿ ಬುಟ್ಟಿ ಹಿಡಿದ ಬೀರಮ್ಮ ಎಂಬ ಅಂಬಿಗರ ಹೆಂಗಸು ದಂಡೆಯಲ್ಲಿ ಸಿಕ್ಕಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. "ಮುಂಚೆ ಇಲ್ಲೇ ಮೊಣಕಾಲು ನೀರಲ್ಲಿ ನಮ್ಮ ಬುಟ್ಟಿ ತುಂಬ್ತಿತ್ತು ಅಮ್ಮಾ, ಈಗ ಆ ಘಟ್ಟದ ಮೇಲಿನ ಸಾವ್ಕಾರನ ಲಾರಿ ತುಂಬ್ತದೆ. ಅವನಿಗೆ ಹೇಳೂಕೆ ತಾಯಿ ಗೀಯಿ ಯಾರೂ ಇಲ್ವಾ?" ಎಂದಳು. ನಾಗಲಿಂಗ, ನನ್ನ ಅತ್ತೆಯೂ ನನಗೆ ಇಂಥ ಮಾತು ಆಡಿರಲಿಲ್ಲ. "ಅದಾಳ" ಎಂದಷ್ಟೇ ಹೇಳಿ ಬಸ್ಸು ಹತ್ತಿದೆ.

ನಿನ್ನೆ ಬೆಳಿಗ್ಗೆ ಲಕ್ಷ್ಮಪ್ಪ ಕುಡಿಕೆ ಹಿಡಿದು ಬಂದ. ಇಡೀ ಹಂಗಾಮಿನ ಹಸಿ ಹಂಚು ಅವನ ಕೈಯಿಂದ ಆದದ್ದು. "ಡಿಪೋ ಕಟ್ಟಿಗಿ ಸಿಗೂದು ಇನ್ನ ಮಳಿಗಾಲ ಮುಗದ ಮ್ಯಾಲೇರಿ. ಈಗ ಸುಡಲಿಲ್ಲಂದ್ರ ಎಲ್ಲಾ ಕೆಸರಾಕ್ಕೈತಿ ಅವ್ವಾರ" ಎಂದ. "ಆಗ್ಲಿ. ನೀನೂ ಆ ಬೇರ ನೋಡೀದಿ. ಕೆಂಡ ಒಯ್ಯಾಕ ನಿನ್ನ ಕೈ ಬರತೈತೇನು?" ಎಂದು ಕೇಳಿದೆ. ಅವನು ಕುಡಿಕೆಯನ್ನು ಬೋರಲು ಹಾಕಿ ಕಟ್ಟೆಯ ಮೇಲೆ ಕುಳಿತುಬಿಟ್ಟ. ಚಹಾ ಕುಡಿಸಿ, ಅವನ ಜೊತೆಗೇ ಖಾನಾಪುರಕ್ಕೆ ಹೋಗಿ, ಹಸಿ ಹಂಚನ್ನೆಲ್ಲ ಮಣ್ಣಿನ ಗುಂಡಿಗೆ ಸುರಿಸಿ ನೀರು ಬಿಡಿಸಿದೆ. ಮಣ್ಣು ಎಲ್ಲಿಗೂ ಹೋಗುವುದಿಲ್ಲ, ದೀಪಾವಳಿಯ ನಂತರ ಮತ್ತೆ ತುಳಿಸಿದರೆ ಮತ್ತೆ ಹಂಚಾಗುತ್ತದೆ. ಅಲ್ಲಿಯವರೆಗೆ ಭಟ್ಟಿಯ ಆಳುಗಳಿಗೆಲ್ಲ ನಮ್ಮ ಹೊಲದಲ್ಲೇ ಕೆಲಸ. ನೀನು ಯಾರು ಯಾರಿಗೆ ಹಂಚು ಕೊಡುತ್ತೇನೆಂದು ಮಾತು ಕೊಟ್ಟಿದ್ದೀಯೋ, ಅವರ ಮುಂದೆ ನೀನೇ ತಲೆ ತಗ್ಗಿಸಿ ನಿಲ್ಲು.

ಬಸವಣ್ಣ ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಆಯುಷ್ಯವನ್ನಂತೂ ಕೊಡಲಿ. ಮಕ್ಕಳು ನಿನ್ನನ್ನು ಕೇಳುತ್ತಿರುತ್ತವೆ.

ಇದ್ದಾಳೆಂದು ಬೀರಮ್ಮನಿಗೆ ಹೇಳಿಬಂದ,
ನಿನ್ನ ತಾಯಿ
ಬಸವಣ್ಣೆವ್ವ

ತಾ.ಕ.: ಮೂರು ಲಾರಿ ಕಟ್ಟಿಗೆ ಇಂದು ಬೆಳಿಗ್ಗೆ ಖಾನಾಪುರ ಬಿಟ್ಟಿತು, ಲಕ್ಷ್ಮಪ್ಪ ಜೊತೆಗಿದ್ದಾನೆ. ಈ ಪತ್ರಕ್ಕಿಂತ ಮೊದಲು ಅವನೇ ನಿನ್ನ ಬಾಗಿಲಿಗೆ ಬರುತ್ತಾನೆ. ಕಡಿದದ್ದು ಚಿಗುರುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೆ ನೀರಲ್ಲಿ ನೆಟ್ಟ ಗೂಟಕ್ಕೂ ಆ ಮೀನು ತತ್ತಿ ಅಂಟಿಸುತ್ತದಂತೆ. ಒಂದೊಂದು ಬೊಡ್ಡೆಯ ಪಕ್ಕಕ್ಕೆ ಈ ಕಟ್ಟಿಗೆಯ ಒಂದೊಂದು ಗೂಟ ಹುಗಿಯಬೇಕು. ಬೀರಮ್ಮ ಜಾಗ ತೋರಿಸುತ್ತಾಳೆ, ಅವಳಿಗೆ ನಿನ್ನ ಹೆಸರು ಹೇಳೆಂದು ಲಕ್ಷ್ಮಪ್ಪನಿಗೆ ತಿಳಿಸಿದ್ದೇನೆ. ಧೋತರ ಎತ್ತಿ ಕಟ್ಟಿಕೊಂಡು ನೀನೇ ನೀರಿಗಿಳಿ, ಆಳು ಹಚ್ಚಬೇಡ. ಹಿತ್ತಲ ಒಲೆಯನ್ನು ಆರಿಸಿಬಿಟ್ಟಿದ್ದೇನೆ.