ನಮ್ಮ ಅಪ್ಪ ಮೂಕರಲ್ಲ

ಗಿರಿಧಾಮದ ಠಾಣಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಅಕ್ಟೋಬರ್ ಆರರ ಸಂಜೆ ನಿಮ್ಮ ಊರಿನ ಮಾಲ್ ರಸ್ತೆಯಲ್ಲಿ ತಪ್ಪಿಸಿಕೊಂಡ ನನ್ನ ತಂದೆ ಮಾರನೆಯ ಬೆಳಿಗ್ಗೆಯೇ ನಿಮ್ಮ ಪೇದೆಗಳಿಗೆ ಸಿಕ್ಕಿದ್ದರು. ಆ ಸಂಗತಿ ನನಗೆ ತಿಳಿದದ್ದು ಮೂರು ತಿಂಗಳ ಮೇಲೆ, ಅದೂ ನಿಮ್ಮಿಂದಲ್ಲ. ಈಗ ಅವರು ಎಲ್ಲಿದ್ದಾರೆಂದು ತಿಳಿಯಬೇಕಾದರೆ ಒಂದು ಕಾಗದದ ಮೇಲೆ ನಿಮ್ಮ ಸಹಿ ಬೀಳಬೇಕು. ಅದಕ್ಕಾಗಿ ಇಂಗ್ಲಿಷಿನಲ್ಲಿ ಬರೆದೆ, ಗೆಳತಿಯೊಬ್ಬಳಿಂದ ಹಿಂದಿಯಲ್ಲೂ ಬರೆಸಿದೆ. ಉತ್ತರವಿಲ್ಲ. ಆದ್ದರಿಂದ ಈ ಸಲ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಓದಿದ ಯಾರಾದರೂ ನಿಮಗೆ ಅರ್ಥ ಮಾಡಿಸಿಯಾರು. ಊರಿನ ಹೆಸರು ಬರೆದಿಲ್ಲ, ಏಕೆಂದರೆ ಅಲ್ಲಿನ ಜನ ನಮಗೆ ಚಹಾ ಕೊಟ್ಟು, ನಮ್ಮ ಜೊತೆ ಇಳಿಜಾರುಗಳಲ್ಲಿ ಹುಡುಕಿದವರು. ನನ್ನ ಜಗಳ ಅವರೊಂದಿಗಿಲ್ಲ.

ನನ್ನ ತಂದೆಯ ಹೆಸರು ಬದರಿನಾಥ್, ವಯಸ್ಸು ಎಪ್ಪತ್ತಮೂರು. ರಾಣೇಬೆನ್ನೂರಿನ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಮ್ಮ ತೀರಿಕೊಂಡ ಮೇಲೆ ನಮ್ಮೊಂದಿಗೆ ಇಲ್ಲಿ ವಿದೇಶದಲ್ಲಿ, ವೆಲ್ಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಇದ್ದರು. ಮರೆವಿನ ಕಾಯಿಲೆ ಶುರುವಾದಾಗ ಮೊದಲು ಅವರ ಇಂಗ್ಲಿಷ್ ಹೋಯಿತು, ಆಮೇಲೆ ಹಿಂದಿ. ಕನ್ನಡವೊಂದು ಉಳಿಯಿತು. ಇಲ್ಲಿಯೂ ಒಂದು ಸಲ ಒಬ್ಬರೇ ರೈಲು ಹತ್ತಿ ಹೋಗಿಬಿಟ್ಟಿದ್ದರು. ಅವರನ್ನು ಕಂಡ ಪೊಲೀಸ್ ಹೆಣ್ಣುಮಗಳಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ದೂರು ಕೊಟ್ಟವರ ನಂಬರಿಗೆ ಒಂದು ಫೋಟೊ ಕಳಿಸಿ, ಇವರೇನಾ ಎಂದು ಕೇಳಿದಳು, ಅಷ್ಟೇ. ಇಷ್ಟು ಮಾಡಲು ಶ್ರೀಮಂತ ದೇಶವೇ ಬೇಕೇ, ಮಾನ್ಯರೇ? ನಿಮ್ಮ ಪೇದೆಗಳ ಕೈಯಲ್ಲೂ ಫೋನ್ ಇತ್ತು. ನಾನು ಠಾಣೆಯಲ್ಲಿ ಕಾದಷ್ಟು ಹೊತ್ತೂ ಅದರಲ್ಲಿ ಕ್ರಿಕೆಟ್ ನಡೆದಿತ್ತು.

ಹಿಮಾಲಯ ನೋಡಬೇಕೆಂಬುದು ಅಪ್ಪನ ಬಹುಕಾಲದ ಆಸೆ. ಆಸೆ ಇನ್ನೂ ನೆನಪಿರುವಾಗಲೇ ತೋರಿಸಿಬಿಡಿ ಎಂದರು ಇಲ್ಲಿನ ಡಾಕ್ಟರು. ಶಾಲೆಗೆ ರಜೆ ಸಿಕ್ಕಾಗ ಹೊರಟೆವು: ಅಪ್ಪ, ನಾನು, ನನ್ನ ಗಂಡ ಧನಂಜಯ, ಒಂಬತ್ತು ವರ್ಷದ ಮಗಳು ಲಾಸ್ಯಾ. ಮೊದಲ ಬೆಳಿಗ್ಗೆ ಹೋಟೆಲಿನ ಬಾಲ್ಕನಿಯಲ್ಲಿ ಅಪ್ಪ ಬಹಳ ಹೊತ್ತು ನಿಂತಿದ್ದರು.

"ಯವ್ವಾ, ಅದು ಮೋಡ ಅಲ್ಲೇನು?"

"ಅಲ್ಲಪ್ಪಾ, ಹಿಮ."

"ಹೌದ್ ನೋಡು, ಅಲ್ಲಾಡವಲ್ದು. ಮೋಡ ಆಗಿದ್ರ ಅಲ್ಲಾಡ್ತಿತ್ತು."

ಕಾಯಿಲೆ ಬಂದ ಮೇಲೆ ಅವರು ಅಷ್ಟು ಸ್ಪಷ್ಟವಾಗಿ ಯೋಚಿಸಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಬಂದದ್ದು ಸಾರ್ಥಕವಾಯಿತು ಅಂದುಕೊಂಡೆ.

ಅದೇ ದಿನ ಸಂಜೆ ನಾಲ್ಕರ ಸುಮಾರಿಗೆ ಮಾಲ್ ರಸ್ತೆಯಲ್ಲಿ, ಬೆಟ್ಟದ ಹೆಣ್ಣುಮಕ್ಕಳ ಉಡುಪು ತೊಡಿಸಿ ಫೋಟೊ ತೆಗೆಯುವ ಅಂಗಡಿಯ ಮುಂದೆ ಲಾಸ್ಯಾ ನಿಂತುಬಿಟ್ಟಳು. ಧನಂಜಯ ರೋಪ್‌ವೇ ಸಾಲಿನಲ್ಲಿದ್ದರು. ನಾನು ಅಪ್ಪನನ್ನು ಎದುರಿನ ಬೆಂಚಿನ ಮೇಲೆ ಕೂರಿಸಿ, "ಇಲ್ಲೇ ಕುಂತಿರು, ಎರಡ ನಿಮಿಷ," ಎಂದೆ. "ಆತವ್ವಾ, ನಾ ಎಲ್ಲಿ ಹೋಗ್ಲಿ," ಎಂದರು. ಮಗಳ ತಲೆಗೆ ಬಣ್ಣದ ವಸ್ತ್ರ ಕಟ್ಟಿ ತಿರುಗಿ ನೋಡಿದೆ. ಬೆಂಚಿನ ಮೇಲೆ ಬೇರೆ ಯಾರೋ ಕೂತು ಸುಟ್ಟ ಮೆಕ್ಕೆಜೋಳ ತಿನ್ನುತ್ತಿದ್ದರು. ಕೈ ಬಿಟ್ಟವಳು ನಾನು. ಇದನ್ನು ನೀವು ಹೇಳಬೇಕಾಗಿಲ್ಲ, ಪ್ರತಿದಿನ ನಾನೇ ಹೇಳಿಕೊಳ್ಳುತ್ತಿದ್ದೇನೆ.

ಆ ಸಂಜೆ ಠಾಣೆಯಲ್ಲಿ ದೂರು ಬರೆದುಕೊಳ್ಳುವ ನಿಮ್ಮ ಸಿಬ್ಬಂದಿ ಮೊದಲು ಕೇಳಿದ್ದು ಅಪ್ಪನ ಗುರುತನ್ನಲ್ಲ, ನನ್ನ ಪಾಸ್‌ಪೋರ್ಟನ್ನು. "ನೀವು ವಿದೇಶಿ. ದೂರನ್ನು ಜಿಲ್ಲಾ ಕೇಂದ್ರದಲ್ಲಿ ಕೊಡಬೇಕು," ಎಂದರು. ತಪ್ಪಿಸಿಕೊಂಡವರು ಭಾರತೀಯರೇ ಎಂದೆ. "ಹಾಗಾದರೆ ಭಾರತದಲ್ಲಿರುವ ಸಂಬಂಧಿಕರು ಯಾರಾದರೂ ಬಂದು ಕೊಡಲಿ." ಎಂಥ ಅಚ್ಚುಕಟ್ಟಾದ ಕಾನೂನು. ತಂದೆ ಭಾರತೀಯರಾದ್ದರಿಂದ ಮಗಳು ಹುಡುಕುವಂತಿಲ್ಲ, ಮಗಳು ವಿದೇಶಿಯಾದ್ದರಿಂದ ತಂದೆ ಸಿಗುವಂತಿಲ್ಲ. ಮಾರನೆಯ ಬೆಳಿಗ್ಗೆ ಹತ್ತಕ್ಕೆ ಅಪ್ಪನ ಫೋಟೊ ಹಿಡಿದು ನಿಮ್ಮ ಕೋಣೆಯ ಹೊರಗೆ ಕೂತೆ. ನೀವು ಹೊರಗೆ ಬಂದು, "ಮುದುಕರು ಹೀಗೆಯೇ, ಹಸಿವಾದರೆ ತಾವೇ ಬರುತ್ತಾರೆ," ಎಂದಿರಿ. ನೆನಪಿದೆಯೇ? ದೂರು ದಾಖಲಾದದ್ದು ಮೂರನೆಯ ದಿನ. ಇಪ್ಪತ್ತಮೂರು ದಿನ ಹುಡುಕಿ ನಾನು ಮಗಳೊಂದಿಗೆ ವಾಪಸು ಬಂದೆ. ಧನಂಜಯ ಇನ್ನೂ ಎರಡು ವಾರ ಇದ್ದು, ಬರಿಗೈಲಿ ಬಂದರು.

ಜನವರಿಯಲ್ಲಿ ಮೈಸೂರಿನ ಗೀತಾ ಎಂಬ ಅಪರಿಚಿತರು ಫೇಸ್‌ಬುಕ್ಕಿನಲ್ಲಿ ಅಪ್ಪನ ಫೋಟೊ ನೋಡಿ ಫೋನ್ ಮಾಡಿದರು. ನವೆಂಬರಿನಲ್ಲಿ ಅವರ ಪ್ರವಾಸಿ ತಂಡ ನಿಮ್ಮ ಊರಿನ ಕೆಳಗಿರುವ ಒಂದು ನಿರ್ಗತಿಕರ ಆಶ್ರಮಕ್ಕೆ ಕಂಬಳಿ ಕೊಡಲು ಹೋಗಿತ್ತಂತೆ. ಮೆಟ್ಟಿಲಿನಲ್ಲಿ ಅವರ ಕಾಲು ಜಾರಿದಾಗ ಹಿಂದಿನಿಂದ ಯಾರೋ, "ಸಾವಕಾಶ ತಂಗಿ, ಜಾರ್ತೈತಿ," ಎಂದರಂತೆ.

"ತಿರುಗಿ ನೋಡ್ದೆ ಮೇಡಂ, ಇವ್ರೇ. ನಿಂತು ಮಾತಾಡಿಸ್ಬೇಕಿತ್ತು ನಾನು. ಬಸ್ಸಿನವ್ರು ಹಾರ್ನ್ ಹೊಡೀತಾ ಇದ್ರು, ಹೊರಟುಬಿಟ್ಟೆ. ನೀವು ಬೈದ್ರೂ ಸರಿಯೇ," ಎಂದು ಅತ್ತರು. ನಾನು ಹೇಗೆ ಬೈಯಲಿ?

ಆಶ್ರಮಕ್ಕೆ ಫೋನ್ ಮಾಡಿದೆ. ಅವರು ನೋಂದಣಿ ಪುಸ್ತಕ ಓದಿದರು. 'ಅಕ್ಟೋಬರ್ ಏಳು, ಬೆಳಿಗ್ಗೆ ಹತ್ತು. ಗಂಡಸು, ವಯಸ್ಸು ಸುಮಾರು ಎಪ್ಪತ್ತು. ಹೆಸರು ತಿಳಿಯದು. ಮೂಕ. ಕರೆತಂದವರು ಠಾಣೆಯ ಇಬ್ಬರು ಪೇದೆಗಳು.' ಮಾನ್ಯರೇ, ಆ ಹತ್ತು ಗಂಟೆಗೆ ನಾನು ನಿಮ್ಮ ಬಾಗಿಲಲ್ಲೇ ಇದ್ದೆ. ತಮಗೆ ಅರ್ಥವಾಗದ ಭಾಷೆಯಾಡಿದವನು ಮೂಕ ಎಂದು ಯಾವ ವೈದ್ಯರು ನಿಮ್ಮವರಿಗೆ ಕಲಿಸಿದರು?

ಡಿಸೆಂಬರಿನ ಚಳಿಗೆ ಆ ಆಶ್ರಮದ ಹನ್ನೊಂದು ಮಂದಿಯನ್ನು ಬಯಲುಸೀಮೆಯ ಮೂರು ಬೇರೆ ಬೇರೆ ಆಶ್ರಮಗಳಿಗೆ ಸಾಗಿಸಿದರಂತೆ. ಯಾರು ಎಲ್ಲಿಗೆ ಹೋದರೆಂಬ ಪಟ್ಟಿ ಅವರಲ್ಲಿದೆ. ಪೊಲೀಸರು ಲಿಖಿತವಾಗಿ ಕೇಳದೆ ಕೊಡುವುದಿಲ್ಲ ಎನ್ನುತ್ತಾರೆ. ನೀವು ಕೇಳಿಲ್ಲ. ಇದು ಏಪ್ರಿಲ್.

ತಪ್ಪು ಯಾರದೆಂಬ ವಿಚಾರಣೆ ನನಗೆ ಬೇಡ. ತಪ್ಪೆಲ್ಲ ನನ್ನದೇ, ನಿಮ್ಮ ಠಾಣೆ ಎಲ್ಲವನ್ನೂ ಸರಿಯಾಗಿ ಮಾಡಿತು ಎಂದು ಬರೆದುಕೊಡಬೇಕೇ? ಬರೆದುಕೊಡುತ್ತೇನೆ. ಈ ಪತ್ರವನ್ನು ಹಿಂತೆಗೆದುಕೊಂಡು ಕ್ಷಮೆ ಕೇಳಬೇಕೇ? ಕೇಳುತ್ತೇನೆ. ನೀವು ಮಾತ್ರ ಆ ಪಟ್ಟಿ ಕೇಳಿ ಎರಡು ಸಾಲು ಬರೆದು ಸಹಿ ಮಾಡಿ. ಈ ವಾರವೇ ಮಾಡಿ. ಅವರ ರಕ್ತದೊತ್ತಡದ ಮಾತ್ರೆಗಳು ಆರು ತಿಂಗಳಿಂದ ನನ್ನ ಕೈಚೀಲದಲ್ಲಿವೆ.

ಇನ್ನೊಂದು ಉಪಕಾರ. ನಿಮ್ಮ ಕಚೇರಿಗೆ ಒಂದು ಧ್ವನಿಮುದ್ರಿಕೆ ಕಳಿಸಿದ್ದೇನೆ. ಅಜ್ಜ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಲಾಸ್ಯಾ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದವಳು. ಈಗ ಒಂದು ಇಡೀ ಭಾನುವಾರ ಅಭ್ಯಾಸ ಮಾಡಿ, "ಅಜ್ಜಾ, ಊಟ ಆತೇನು?" ಎಂದು ಹೇಳಿದ್ದಾಳೆ. ಮುಗಿದ ಮೇಲೆ, "ಮಮ್, ವಿಲ್ ಹಿ ನೋ ಇಟ್ಸ್ ಮಿ?" ಎಂದು ಕೇಳಿದಳು. ಆ ಮೂರೂ ಕಡೆ, ಮೂಕರೆಂದು ಬರೆಸಿಕೊಂಡ ಪ್ರತಿಯೊಬ್ಬ ಮುದುಕರ ಮುಂದೆ ಅದನ್ನು ಹಾಕಿಸಿ. ಹಾಕಿ ತಕ್ಷಣ ಎದ್ದು ಹೋಗಬೇಡಿರೆಂದು ಹೇಳಿ. ನಮ್ಮಪ್ಪ ಉತ್ತರ ಕೊಡಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಾರೆ.

ಇಂತಿ,
ನಿಮ್ಮ ದೃಷ್ಟಿಯಲ್ಲಿ ವಿದೇಶಿ, ಬದರಿನಾಥರಿಗೆ ಮಗಳು,
ಅರುಂಧತಿ
ಜಾನ್ಸನ್‌ವಿಲ್, ವೆಲ್ಲಿಂಗ್ಟನ್
ಏಪ್ರಿಲ್ 2017