ಹಣಮವ್ವನ ಐದು ಅಡಿ ನೆಲ

ಗೋಕಾಕ
೩ ಫೆಬ್ರುವರಿ ೧೯೫೯

ಪ್ರೀತಿಯ ತಂಗಿ ಉದ್ದವ್ವ,

ಕುಲಗೋಡದಲ್ಲಿ ನೀವೆಲ್ಲ ಸೌಖ್ಯವೆಂದು ನಂಬಿದ್ದೇನೆ. ಈ ಕಾಗದವನ್ನು ಮೊದಲು ನೀನೊಬ್ಬಳೇ ಓದು. ಅಪ್ಪನೊಡನೆ ಹಠ ಹಿಡಿದು ನಿನ್ನನ್ನು ಶಾಲೆಗೆ ಕಳಿಸಿದ್ದು ಇಂಥದ್ದನ್ನು ಓದಿಸಲಿಕ್ಕಲ್ಲ. ಆದರೂ ನಿನ್ನ ಯಜಮಾನರಾದ ಕೇದಾರಿಯವರಿಗೆ ಇದನ್ನು ತಿಳಿಸಬೇಕಾದವಳು ನೀನೇ.

ಹೋದ ವಾರ ನಿಮ್ಮ ಹೊಲಕ್ಕೂ ಹಣಮವ್ವನ ಹೊಲಕ್ಕೂ ನಡುವೆ ನಾನು ನೆಡಿಸಿದ ಗಡಿಗಲ್ಲು ತಪ್ಪು ಜಾಗದಲ್ಲಿದೆ. ಎಳೆದೆಳೆದು ಅಳತೆ ಸರಪಳಿಯ ಕೊಂಡಿಗಳು ಸಡಿಲಾಗಿ ಅದು ಉದ್ದವಾಗುತ್ತದೆ. ಅದಕ್ಕೇ ಹೊಲಕ್ಕಿಳಿಯುವ ಮೊದಲು ಅದನ್ನು ಅಳತೆಕೋಲಿಗೆ ಹಿಡಿದು ನೋಡಬೇಕೆಂಬುದು ಸರ್ವೇಯರನ ಮೊದಲ ಪಾಠ. ನಿನ್ನೆ ಹಿಡಿದು ನೋಡಿದೆ, ಮೂರು ಬೆರಳು ಹೆಚ್ಚಿತ್ತು. ನಿಮ್ಮ ಕಡೆಯ ರಸ್ತೆಯಿಂದ ಇಪ್ಪತ್ತೈದು ಸಲ ಹಾಸಿದೆವಲ್ಲ, ಆ ತುದಿ ಮುಟ್ಟುವ ಹೊತ್ತಿಗೆ ಹತ್ತಿರ ಹತ್ತಿರ ಐದು ಅಡಿ ಅವಳ ನೆಲಕ್ಕೆ ನುಗ್ಗಿತ್ತು.

ಅವಳ ಗಂಡ ಕಲ್ಲಪ್ಪನನ್ನು ಮಣ್ಣು ಮಾಡಿದ್ದು ಆ ಐದು ಅಡಿಯಲ್ಲೇ. ಕಬ್ಬು ಹಚ್ಚುವ ಮೊದಲು ಕೇದಾರಿಯವರು ಅದರ ಮೇಲೆ ನೇಗಿಲು ಹೊಡೆಯುವವರಿದ್ದಾರೆ. ಅಳತೆಯ ದಿನ ಹಣಮವ್ವ ಜಗಳಾಡಲಿಲ್ಲ. ಮಣ್ಣಿನ ದಿಬ್ಬದ ಪಕ್ಕ ಕುಳಿತು ಒಂದೇ ಮಾತು ಕೇಳಿದಳು:

“ಸಾಹೇಬ್ರ, ನಿಮ್ಮ ಸರಪಳಿ ಸುಳ್ಳ ಹೇಳಂಗಿಲ್ಲ ಅಂತಾರ. ಹಂಗಾದ್ರ ನಾನ ಅವರನ್ನ ಮಂದಿ ಹೊಲದಾಗ ಇಟ್ಟೇನೇನ್ರಿ?”

ನಾನು ನಕಾಶೆ ಮಡಚಿಕೊಂಡು ಬಂದೆ.

ಇವತ್ತು ನಮ್ಮ ಕಚೇರಿಯ ಸಾಹೇಬರಿಗೆ ಅರ್ಜಿ ಕೊಟ್ಟಿದ್ದೇನೆ. ಸರಪಳಿಯ ದೋಷದಿಂದ ಅಳತೆ ತಪ್ಪಿದೆ. ಹೊಲ ನನ್ನ ತಂಗಿಯ ಮನೆಯವರದೆಂಬುದನ್ನು ನಾನು ಮೊದಲೇ ತಿಳಿಸಬೇಕಿತ್ತು. ಹುಕ್ಕೇರಿಯ ಸರ್ವೇಯರರಿಂದ ಮತ್ತೆ ಅಳೆಯಿಸಿರಿ ಎಂದು ಬರೆದಿದ್ದೇನೆ. ಅವರು ಬರುವ ತನಕ ಆ ದಿಬ್ಬದ ಹತ್ತಿರ ನೇಗಿಲು ಸುಳಿಯದಂತೆ ನೋಡಿಕೋ. ಕೇದಾರಿಯವರ ಸಿಟ್ಟು ನಿನ್ನ ಮೇಲೆಯೇ ಬೀಳುತ್ತದೆ. ಅದನ್ನು ನೆನೆದು ಎರಡು ಸಲ ಈ ಕಾಗದ ಹರಿದು ಹಾಕಿದೆ, ಇದು ಮೂರನೆಯದು.

ನಿನಗೆ ಕಷ್ಟ ತಂದ ಅಣ್ಣ,
ದುರ್ಗಪ್ಪ

ತಾ. ಕ.: ನಿನ್ನೆ ನೋಡಿದೆ ಎಂದದ್ದು ಸುಳ್ಳು. ಅಳತೆಯ ದಿನ ಬೆಳಿಗ್ಗೆಯೇ ಹಿಡಿದು ನೋಡಿದ್ದೆ, ಸರಿಯಾದ ಬೇರೆ ಸರಪಳಿಯೂ ಚೀಲದಲ್ಲಿತ್ತು. ನೀನು ತವರಿನಿಂದ ಏನೂ ತರಲಿಲ್ಲವೆಂದು ನಿನ್ನ ಅತ್ತೆ ನನ್ನೆದುರಿಗೇ ಅಂದರು. ಆಮೇಲೆ ಹೋಗಿ ಉದ್ದ ಸರಪಳಿಯನ್ನೇ ಹಾಸಿದೆ. ಅರ್ಜಿಯಲ್ಲಿ ಇದನ್ನು ಬರೆಯುವ ಧೈರ್ಯ ಬರಲಿಲ್ಲ. ಹಣಮವ್ವನಿಗೆ ಮಾತ್ರ ನಾನೇ ಬಂದು ಹೇಳುತ್ತೇನೆ.